ಸೀಟಿನಡಿಯ ರೇಡಿಯೊ, ಬೆಟ್ಟದ ಮೇಲಿನ ಋಣ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಆಷಾಢದ ಮಳೆ. ಮೂರು ಕಾರು, ನನ್ನದು ಕೊನೆಯದು. ಮಂಜಿನಲ್ಲಿ ಮುಂದಿನ ಕಾರಿನ ಕೆಂಪು ದೀಪವೂ ಕಾಣುತ್ತಿರಲಿಲ್ಲ. ಮೊಬೈಲಿನ ಸಿಗ್ನಲ್ ಸತ್ತು ಆಗಲೇ ಹತ್ತು ನಿಮಿಷವಾಗಿತ್ತು. ಕೆಳಗಿನ ತಿರುವಿನಲ್ಲಿ ಮರ ಬಿದ್ದಿದೆ, ಬಸ್ಸೊಂದು ಹಿಂದಕ್ಕೆ ಬರುತ್ತಿದೆ, ಇದ್ದಲ್ಲೇ ಎಡಕ್ಕೆ ನಿಲ್ಲಿಸಿ ಎಂದು ಸೀಟಿನಡಿಯ ರೇಡಿಯೊದಲ್ಲಿ ಮೊದಲ ಕಾರಿನಿಂದ ಧ್ವನಿ ಬಂತು. ನಿಲ್ಲಿಸಿದೆ. ಹಿಂದೆ ಬರುತ್ತಿದ್ದ ಲಾರಿಯನ್ನೂ ಕೈ ತೋರಿಸಿ ತಡೆದೆವು. ಆಮೇಲೆ ಮೈಕ್ ಹಿಡಿದು ನಮ್ಮ ಹಿಂದಿನ ಸ್ಥಿತಿ ಹೇಳತೊಡಗಿದೆ. ಮಾತು ಮುಗಿಯುವ ಮೊದಲೇ ಸೆಟ್ ಬಂದ್ ಆಯಿತು.

ಸೀಟಿನಡಿ ಕೈ ಹಾಕಿದರೆ ಡಬ್ಬ ಕಾದ ಕಾವಲಿಯಂತಿತ್ತು. ಹಿಂದಿನ ಸೀಟಿನಿಂದ ಜಾರಿದ ರೇನ್‌ಕೋಟ್ ಅದರ ಫ್ಯಾನಿನ ಬಾಯಿ ಮುಚ್ಚಿತ್ತು. ಘಾಟಿಯ ಮೇಲಿನಿಂದಲೂ ಪೂರ್ತಿ ಶಕ್ತಿಯಲ್ಲಿ ಮಾತಾಡುತ್ತಲೇ ಬಂದಿದ್ದೆ. ಸೆಟ್ ತನ್ನನ್ನು ತಾನು ಕಾಪಾಡಿಕೊಳ್ಳಲು ಮಾತು ನಿಲ್ಲಿಸಿತ್ತು, ಅಷ್ಟೆ. ಕಾಲು ಗಂಟೆ ತಣಿದ ಮೇಲೆ ಮತ್ತೆ ಎದ್ದಿತು. ಕಾರಿಗೆಂದೇ ಮಾಡಿದ ಪುಟ್ಟ ಡ್ಯುಯಲ್ ಬ್ಯಾಂಡ್ ಹ್ಯಾಮ್ ರೇಡಿಯೊ ಎಂದರೆ ಏನು, ಅದರಿಂದ ಏನು ನಿರೀಕ್ಷಿಸಬೇಕು ಎಂಬುದನ್ನು ನಾನು ಸರಿಯಾಗಿ ಕಲಿತದ್ದು ಆ ಕಾಲು ಗಂಟೆಯಲ್ಲಿ.

ಹ್ಯಾಮ್ ಎಂದರೆ ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಮತ್ತು ಕಾಲ್‌ಸೈನ್ ಪಡೆದು, ವ್ಯಾಪಾರದ ಉದ್ದೇಶವಿಲ್ಲದೆ ತನ್ನದೇ ರೇಡಿಯೊದಲ್ಲಿ ಮಾತಾಡುವವನು. ನಮ್ಮ ದೇಶದಲ್ಲಿ ಈ ಕಾಲ್‌ಸೈನ್‌ಗಳು ಸಾಮಾನ್ಯವಾಗಿ ವಿಯು2, ವಿಯು3 ಎಂದು ಶುರುವಾಗುತ್ತವೆ. ಕಾರಿನಲ್ಲಿ ಹೆಚ್ಚು ಬಳಕೆಯಾಗುವುದು ಎರಡು ಬ್ಯಾಂಡ್: 144ರಿಂದ 146 ಮೆಗಾಹರ್ಟ್ಸ್‌ನ ‘ಟೂ ಮೀಟರ್’ ಮತ್ತು 434ರಿಂದ 438 ಮೆಗಾಹರ್ಟ್ಸ್‌ನ ‘ಸೆವೆಂಟಿ ಸೆಂಟಿಮೀಟರ್’. ಎರಡನ್ನೂ ಒಂದೇ ಡಬ್ಬದಲ್ಲಿ ಕೊಡುವುದೇ ಡ್ಯುಯಲ್ ಬ್ಯಾಂಡ್ ಸೆಟ್. ಒಂದರಲ್ಲಿ ಊರಿನ ರಿಪೀಟರ್ (ಮಾತನ್ನು ಹಿಡಿದು ಮರಳಿ ದೂರಕ್ಕೆ ಕಳಿಸುವ ಯಂತ್ರ) ಕೇಳುತ್ತ, ಇನ್ನೊಂದರಲ್ಲಿ ಜೊತೆಯ ಕಾರಿನವರೊಡನೆ ಮಾತಾಡಬಹುದು.

ಡಬ್ಬ ಚಿಕ್ಕದಾಗುತ್ತ ಬಂದ ಕಥೆಯೇ ಒಂದು ಸೋಜಿಗ. 1990ರ ದಶಕದ ಕೊನೆಗೆ ಜಪಾನಿನ ಯಾಎಸು ಕಂಪನಿ ಎಫ್‌ಟಿ-90ಆರ್ ಎಂಬ ಸೆಟ್ ತಂದಾಗ ಹ್ಯಾಮ್‌ಗಳು ಕಣ್ಣರಳಿಸಿ ನೋಡಿದ್ದರು. 10 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ದಪ್ಪ, 14 ಸೆಂಟಿಮೀಟರಿಗೂ ಕಡಿಮೆ ಉದ್ದ. ಅಷ್ಟರೊಳಗೆ ಟೂ ಮೀಟರಿನಲ್ಲಿ 50 ವ್ಯಾಟ್, ಸೆವೆಂಟಿಯಲ್ಲಿ 35 ವ್ಯಾಟ್. ಈಗ ಚೀನಾದಿಂದ 20, 25 ವ್ಯಾಟಿನ ಇನ್ನೂ ಅಗ್ಗದ ಪುಟ್ಟ ಸೆಟ್‌ಗಳು ಬರುತ್ತಿವೆ. ಈಗಿನ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಬೆರಳಗಲ ಜಾಗವೂ ಉಳಿದಿಲ್ಲ. ಹಾಗಾಗಿ ಮುಖಫಲಕವನ್ನು ಬಿಚ್ಚಿ ಸ್ಟೀರಿಂಗ್ ಪಕ್ಕದಲ್ಲಿಟ್ಟು, ಮೈಯನ್ನು ಸೀಟಿನಡಿಗೆ ತಳ್ಳುವ ಸೆಟ್‌ಗಳಿಗೆ ಬೇಡಿಕೆ ಹೆಚ್ಚು.

ಆದರೆ ಶಾಖಕ್ಕೆ ಡಬ್ಬದ ಗಾತ್ರ ಗೊತ್ತಿಲ್ಲ. 50 ವ್ಯಾಟ್ ಹೊರಗೆ ಕಳಿಸುವ ಸೆಟ್ ಕಾರಿನ 13.8 ವೋಲ್ಟ್ ಬ್ಯಾಟರಿಯಿಂದ ಸುಮಾರು 11 ಆಂಪಿಯರ್ ಎಳೆಯುತ್ತದೆ. ಗುಣಿಸಿದರೆ 150 ವ್ಯಾಟ್. ಅದರಲ್ಲಿ 50 ಆಂಟೆನಾಕ್ಕೆ ಹೋಯಿತು. ಉಳಿದ 100 ವ್ಯಾಟ್ ಆ ಪುಟ್ಟ ಲೋಹದ ಮೈಯಲ್ಲಿ ಶಾಖವಾಗಿ ಕೂತಿತು. ಹಳೆಯ 100 ವ್ಯಾಟಿನ ಬಲ್ಬನ್ನು ಊಟದ ಡಬ್ಬಿಯಲ್ಲಿ ಮುಚ್ಚಿಟ್ಟ ಹಾಗೆ. ದೊಡ್ಡ ಸೆಟ್‌ಗಳಿಗೆ ಇದನ್ನು ಹರಡಿಕೊಳ್ಳಲು ಅಗಲವಾದ ಬೆನ್ನಿದೆ, ಪುಟ್ಟದಕ್ಕೆ ಇರುವುದು ಫ್ಯಾನ್ ಒಂದೇ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಕೂತವರು ಮಾತು ಶುರುವಾಗುವ ಮೊದಲೇ ಅರ್ಧ ದಾರಿ ಬಿಸಿಯಾದ ಸೆಟ್ಟನ್ನು ಹಿಡಿದಿರುತ್ತಾರೆ. ಈ ಸೆಟ್ ಇಟ್ಟುಕೊಂಡವರ ದೂರುಗಳಲ್ಲಿ ಮೊದಲನೆಯದು ಬಿಸಿ, ಎರಡನೆಯದು ಫ್ಯಾನಿನ ಸದ್ದು, ಮೂರನೆಯದು ಬಿಸಿಲಲ್ಲಿ ಓದಲಾಗದ ಪರದೆ.

ಮೊದಲನೆಯದಕ್ಕೆ ಮದ್ದು ಸುಲಭ. ಶಕ್ತಿ ಇಳಿಸಿ. 50 ವ್ಯಾಟಿನಿಂದ 25ಕ್ಕೆ ಇಳಿದರೆ ಕೇಳುವವನ ಮೀಟರಿನಲ್ಲಿ ಆಗುವ ವ್ಯತ್ಯಾಸ 3 ಡೆಸಿಬೆಲ್, ಎಂದರೆ ಆ ಮೀಟರಿನ ಅಳತೆಯಲ್ಲಿ ಅರ್ಧ ಎಸ್-ಯೂನಿಟ್. ಕಿವಿಗೆ ತಿಳಿಯುವುದೇ ಕಷ್ಟ. ಹತ್ತು ಪಟ್ಟು ಇಳಿದು 5 ವ್ಯಾಟಿಗೆ ಬಂದರೂ ಎರಡು ಎಸ್-ಯೂನಿಟ್ ಕೂಡ ಪೂರ್ತಿ ಬೀಳುವುದಿಲ್ಲ. ವ್ಯಾಟಿನ ಅಂಕಿ ನೋಡಿ ಸೆಟ್ ಕೊಳ್ಳುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಜೊತೆಗೆ, ನಿಮ್ಮ ಲೈಸೆನ್ಸಿನ ದರ್ಜೆ ಒಪ್ಪುವ ಶಕ್ತಿಯನ್ನು ಮೀರುವ ಹಾಗೂ ಇಲ್ಲ.

ಹಣ ಹಾಕಬೇಕಾದ್ದು ಆಂಟೆನಾಕ್ಕೆ. ಇಲ್ಲಿ ಪ್ರಕೃತಿಯೇ ನಮಗೊಂದು ಉಪಕಾರ ಮಾಡಿದೆ. ಟೂ ಮೀಟರಿಗೆ ಕಾಲು ತರಂಗದ ಕಡ್ಡಿ ಎಂದರೆ ಸುಮಾರು 49 ಸೆಂಟಿಮೀಟರ್. ಸೆವೆಂಟಿಯ ಆವರ್ತನ ಟೂ ಮೀಟರಿನದರ ಸರಿಸುಮಾರು ಮೂರು ಪಟ್ಟು, ಹಾಗಾಗಿ ಅದೇ ಕಡ್ಡಿ ಅಲ್ಲಿ ಮುಕ್ಕಾಲು ತರಂಗವಾಗಿ ಕೆಲಸ ಮಾಡುತ್ತದೆ. ಮೊಳದುದ್ದದ ಒಂದು ಸಾದಾ ಉಕ್ಕಿನ ಕಡ್ಡಿ ಎರಡು ಬ್ಯಾಂಡಿಗೂ ಸಾಕು. ಅದನ್ನು ಕಾರಿನ ಚಾವಣಿಯ ನಟ್ಟನಡುವೆ ಇಟ್ಟರೆ ಸುತ್ತಲಿನ ಉಕ್ಕಿನ ತಗಡೇ ಅದಕ್ಕೆ ನೆಲವಾಗುತ್ತದೆ. ಕಾರಿನೊಳಗೆ ಕೂತು ಕೈಯಲ್ಲಿ ಹಿಡಿಯುವ ಸೆಟ್ಟಿನಲ್ಲಿ, ಎಂದರೆ ಹ್ಯಾಂಡಿಯಲ್ಲಿ, ಮಾತಾಡಿ ಬೇಸತ್ತವರು ಅದೇ 5 ವ್ಯಾಟಿನ ಹ್ಯಾಂಡಿಗೆ ಚಾವಣಿಯ ಆಂಟೆನಾ ಜೋಡಿಸಿ ನೋಡಲಿ. ಹೊಸ ಸೆಟ್ ಕೊಳ್ಳುವ ಆಸೆ ಸ್ವಲ್ಪ ಕಾಲ ಮುಂದಕ್ಕೆ ಹೋದೀತು.

ತೊಂದರೆಗಳೂ ಇಲ್ಲೇ ಇವೆ. ಅಯಸ್ಕಾಂತದ ಬುಡ ಸುಲಭ, ಆದರೆ ಅದರಡಿ ಧೂಳು ಕೂತು ಬಣ್ಣ ಕೆರೆಯುತ್ತದೆ. ಗಾಜಿನ ಸನ್‌ರೂಫ್ ಇರುವ ಕಾರಿಗೆ ನಡುವೆ ಜಾಗವೇ ಇಲ್ಲ. ಬಾಗಿಲ ರಬ್ಬರಿನ ಸಂದಿಯಲ್ಲಿ ಹಾದ ಕೇಬಲ್ ದಿನವೂ ನಜ್ಜುಗುಜ್ಜಾಗಿ ಒಂದು ಮಳೆಗಾಲದಲ್ಲಿ ಒಳಗೆ ನೀರು ಕುಡಿಯುತ್ತದೆ. ಹೊರಗಿನಿಂದ ನೋಡಿದರೆ ಕೇಬಲ್ ಚೆನ್ನಾಗಿಯೇ ಇರುತ್ತದೆ, ಮರಳಿ ಬರುವ ಶಕ್ತಿಯನ್ನು ಅಳೆಯುವ ಎಸ್‌ಡಬ್ಲ್ಯುಆರ್ ಮೀಟರ್ ಹಚ್ಚಿದರೆ ಮಾತ್ರ ಗುಟ್ಟು ತಿಳಿಯುವುದು. ಕೆಡದ ಕೇಬಲ್ ಕೂಡ ತನ್ನ ಪಾಲು ಕೇಳುತ್ತದೆ: ಐದು ಮೀಟರ್ ಉದ್ದದ ಸಾಮಾನ್ಯ ಆರ್‌ಜಿ-58 ಕೇಬಲ್ ಸೆವೆಂಟಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದರಷ್ಟು ಶಕ್ತಿಯನ್ನು ತಿಂದುಬಿಡುತ್ತದೆ. ಇನ್ನು ಮಾಲ್‌ಗಳ ನೆಲಮಾಳಿಗೆ. ಮಡಚುವ ಕಡ್ಡಿ ಇಲ್ಲದವರು ಬಾಗಿಲಲ್ಲೇ ಇಳಿದು ಆಂಟೆನಾ ಬಿಚ್ಚಿಟ್ಟು ಹೋಗಬೇಕು.

ವಿದ್ಯುತ್ತನ್ನು ಸಿಗರೇಟ್ ಲೈಟರಿನ ಕಿಂಡಿಯಿಂದ ಪಡೆಯುವುದು ಎಲ್ಲರೂ ಮೊದಲು ಮಾಡುವ ತಪ್ಪು. 20 ವ್ಯಾಟಿನ ಸೆಟ್ಟಿಗೆ ಅದು ಹೇಗೋ ತಡೆದೀತು. 50 ವ್ಯಾಟಿನದಕ್ಕೆ ದಪ್ಪ ತಂತಿಯನ್ನು ನೇರ ಬ್ಯಾಟರಿಯಿಂದಲೇ, ಬುಡದಲ್ಲೇ ಫ್ಯೂಸ್ ಹಾಕಿ ಎಳೆಯಬೇಕು. ಆಟೊ ಎಲೆಕ್ಟ್ರಿಷಿಯನ್‌ಗೆ ಕೆಲಸ ಒಪ್ಪಿಸಿದರೂ ಪಕ್ಕದಲ್ಲಿ ನಿಂತು ನೋಡಿ. ನನ್ನ ಕಾರಿನಲ್ಲಿ ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುತ್ತಿದ್ದ ಕುಂಯ್‌ಗುಡುವ ಸದ್ದು ಹಾಗೆ ನೇರ ತಂತಿ ಎಳೆದ ದಿನವೇ ನಿಂತಿತು. ಇನ್ನೊಂದು ಸದ್ದು ಮಾತ್ರ ತಿಂಗಳುಗಟ್ಟಲೆ ಕಾಡಿತು. ಟೂ ಮೀಟರಿನಲ್ಲಿ ದೂರದ ಸ್ಟೇಷನ್ ಬಂದಾಗಲೆಲ್ಲ ಮೇಲೊಂದು ಕರಕರ. ಆಂಟೆನಾ ಬದಲಿಸಿದೆ, ಸೆಟ್ಟನ್ನೇ ಅನುಮಾನಿಸಿದೆ. ಕೊನೆಗೊಂದು ರಾತ್ರಿ ಕಾರಿನ ಒಂದೊಂದೇ ಉಪಕರಣ ಕಳಚುತ್ತ ಹೋದಾಗ ಸಿಕ್ಕಿದ್ದು ಮುಂಗಾಜಿಗೆ ಅಂಟಿಸಿದ್ದ ಡ್ಯಾಶ್‌ಕ್ಯಾಮ್. ಅದರ ಪಿನ್ ಕಿತ್ತ ಕ್ಷಣ ಕರಕರ ಹೋಯಿತು, ದೂರದ ಧ್ವನಿ ಶುದ್ಧವಾಗಿ ಬಂತು. ಅಗ್ಗದ ಮೊಬೈಲ್ ಚಾರ್ಜರ್‌ಗಳೂ ಇದೇ ಜಾತಿ.

ಓಡುವ ಕಾರಿನಿಂದ ಮಾತಾಡುವಾಗ ಕೇಳಿಬರುವ ಪಟಪಟ ಸದ್ದು ಮಾತ್ರ ಯಾವ ಉಪಕರಣದ ದೋಷವೂ ಅಲ್ಲ. ಕಟ್ಟಡ, ಬಂಡೆಗಳಿಗೆ ಬಡಿದು ಬಂದ ಅಲೆಗಳು ನೇರ ಬಂದ ಅಲೆಯೊಡನೆ ಸೇರಿ ದಾರಿಯುದ್ದಕ್ಕೂ ಸದ್ದಿನ ಗುಂಡಿಗಳನ್ನು ತೋಡುತ್ತವೆ. ಟೂ ಮೀಟರಿನಲ್ಲಿ ಗುಂಡಿಗೂ ಗುಂಡಿಗೂ ನಡುವೆ ಸುಮಾರು ಒಂದು ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 16 ಗುಂಡಿ ದಾಟುತ್ತೇವೆ, ಸೆವೆಂಟಿಯಲ್ಲಾದರೆ 48. ಬಲವಾದ ಸಿಗ್ನಲ್ಲಿನಲ್ಲಿ ಇದು ತಿಳಿಯುವುದಿಲ್ಲ. ಸಿಗ್ನಲ್ ಸೊರಗಿದಾಗ ಮಾತು ಬೇಲಿಯ ಗೂಟಗಳ ನಡುವೆ ಓಡಿದಂತೆ ತುಂಡಾಗುತ್ತದೆ. ಕೆಂಪು ದೀಪಕ್ಕೆ ನಿಂತಾಗ ಮಾತು ಪೂರ್ತಿ ಸತ್ತರೆ ಕಾರನ್ನು ಎರಡು ಅಡಿ ಮುಂದಕ್ಕೆ ತನ್ನಿ, ಮತ್ತೆ ಜೀವ ಬರುತ್ತದೆ.

ಅಗ್ಗದ ಸೆಟ್ ಕೊಳ್ಳುವವರು ಒಂದು ಪ್ರಶ್ನೆ ಕೇಳಲೇಬೇಕು: ಒಳಗಿರುವುದು ಎರಡು ಕಿವಿಯೋ, ಒಂದೇ ಕಿವಿಯೋ? ಪರದೆಯ ಮೇಲೆ ಎರಡು ಆವರ್ತನ ಕಂಡ ಮಾತ್ರಕ್ಕೆ ಎರಡನ್ನೂ ಒಟ್ಟಿಗೆ ಕೇಳುತ್ತದೆ ಎಂದಲ್ಲ. ಅನೇಕ ಪುಟ್ಟ ಸೆಟ್‌ಗಳಲ್ಲಿ ಒಂದೇ ರಿಸೀವರ್ ಅತ್ತಿಂದಿತ್ತ ಇಣುಕುತ್ತಿರುತ್ತದೆ. ಒಂದು ಕಡೆ ಮಾತು ನಡೆದಿದ್ದರೆ ಇನ್ನೊಂದು ಕಡೆಯ ತುರ್ತು ಕರೆ ತಪ್ಪುತ್ತದೆ.

ಇಷ್ಟೆಲ್ಲ ಸರಿಮಾಡಿಕೊಂಡರೂ ಕಾರಿನಿಂದ ಕಾರಿಗೆ ಬಯಲಲ್ಲಿ ಹತ್ತು ಹದಿನೈದು ಕಿಲೋಮೀಟರ್ ಸಿಕ್ಕರೆ ಪುಣ್ಯ. ಈ ಅಲೆಗಳು ಹೆಚ್ಚಾಗಿ ನೇರ ದೃಷ್ಟಿಯ ದಾರಿ ಹಿಡಿಯುವಂಥವು. ಎರಡು ಮೀಟರ್ ಎತ್ತರದ ಆಂಟೆನಾಕ್ಕೆ ದಿಗಂತ ಆರು ಕಿಲೋಮೀಟರಿಗೆ ಮುಗಿಯುತ್ತದೆ. ಅದೇ 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ತೆಗೆದುಕೊಳ್ಳಿ. ಸುತ್ತಲಿನ ಬಯಲಿಗಿಂತ 550 ಮೀಟರಿಗೂ ಹೆಚ್ಚು ಮೇಲಿರುವ ಆ ತುದಿಗೆ ಲೆಕ್ಕದ ಪ್ರಕಾರ ಸುಮಾರು 95 ಕಿಲೋಮೀಟರಿನ ದಿಗಂತ. ನಡುವೆ ಅಡ್ಡವಿಲ್ಲದಿದ್ದರೆ ಬೆಟ್ಟದ ಮೇಲಿನವನು 5 ವ್ಯಾಟಿನಲ್ಲಿ ಮಾಡುವ ಕೆಲಸವನ್ನು ಬಯಲಿನ ಕಾರು 50 ವ್ಯಾಟಿನಲ್ಲೂ ಮಾಡಲಾರದು. 2020ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹ್ಯಾಮ್‌ಗಳಿಗಾಗಿ ಒಂದು ರಿಪೀಟರ್ ಶುರುವಾಯಿತು. 145.990 ಮೆಗಾಹರ್ಟ್ಸ್‌ನಲ್ಲಿ ಕೇಳಿ 437.800ರಲ್ಲಿ ಮರಳಿ ಕಳಿಸುತ್ತದೆ, ನಮ್ಮ ಕಾರಿನ ಎರಡು ಬ್ಯಾಂಡಿಗೆ ಹೇಳಿ ಮಾಡಿಸಿದಂತೆ. ನಾನೂರು ಕಿಲೋಮೀಟರ್ ಮೇಲೆ ಹಾರುವ ಅದು ಪುಟ್ಟ ಸೆಟ್ಟಿಗೆ ಸಿಗಬಲ್ಲದು, ಗುಡ್ಡದ ಆಚೆ ನಿಂತ ಗೆಳೆಯ ಸಿಗುವುದಿಲ್ಲ.

ಗುಡ್ಡದ ಆಚೆಯ ಗೆಳೆಯ ಸಿಗುವಂತೆ ಮಾಡುವುದು ನೆಲದ ರಿಪೀಟರ್. ಬೆಟ್ಟದ ಮೇಲೆ ಯಾರೋ ನಿಲ್ಲಿಸಿದ ಕಂಬ, ಒಂದು ಬೀರು, ಬ್ಯಾಟರಿ, ಸಿಡಿಲಿನ ತಂತಿ. ನಮ್ಮ ದುರ್ಬಲ ಮಾತನ್ನು ಕೇಳಿ ಅದೇ ಕ್ಷಣ ಬೇರೆ ಆವರ್ತನದಲ್ಲಿ ಬಲವಾಗಿ ಹೇಳುವುದು ಅದರ ಕೆಲಸ. ಅದನ್ನು ಸರ್ಕಾರ ನಡೆಸುವುದಿಲ್ಲ, ಮೊಬೈಲ್ ಕಂಪನಿಯೂ ಅಲ್ಲ. ಹ್ಯಾಮ್‌ಗಳೇ ಕೈಯಿಂದ ಹಣ ಹಾಕಿ, ಭಾನುವಾರ ಬೆಟ್ಟ ಹತ್ತಿ, ಕೆಟ್ಟ ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತು ಇಳಿಸಿ ನಡೆಸುತ್ತಾರೆ. ಸೀಟಿನಡಿಯ ಸೆಟ್ಟಿನ ಹೊಗಳಿಕೆಯಲ್ಲಿ ಮುಕ್ಕಾಲು ಪಾಲು ನ್ಯಾಯವಾಗಿ ಸೇರಬೇಕಾದ್ದು ಆ ಬೀರುವಿಗೆ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಹೋದಾಗ ಹ್ಯಾಮ್‌ಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಂದ್ರ ತೆರೆದರು. ದುರಂತದ ಜಾಗದ ಮಾತು ಅಲ್ಲಿಗೆ ತಲುಪಲು ಆಸರೆಯಾದದ್ದು ಅಂಬಲವಯಲಿನ ಬೆಟ್ಟದ ಮೇಲೆ ಮೊದಲೇ ಇದ್ದ ರಿಪೀಟರ್. ಮೊದಲೇ ಇತ್ತು ಎಂಬುದು ಮುಖ್ಯ; ಮಣ್ಣು ಜಾರಿದ ಮೇಲೆ ಯಾರೂ ಬೆಟ್ಟ ಹತ್ತಿ ಕಂಬ ನೆಡಲಾರರು. ನಮ್ಮ ಮೋಟಾರ್ ರ‍್ಯಾಲಿಗಳಲ್ಲಿ, ಕೆ-1000ದಂಥ ಹಳೆಯ ಸ್ಪರ್ಧೆಗಳಲ್ಲಿ, ಕಾಫಿತೋಟದ ಹಾದಿಯ ತಿರುವುಗಳಲ್ಲಿ ನಿಂತು ಕಾರುಗಳ ಸುರಕ್ಷತೆ ವರದಿ ಮಾಡುವ ಹ್ಯಾಮ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಅವರು ಸ್ಪರ್ಧೆಗೆ ಮುಂಚೆಯೇ ಹೋಗಿ ಯಾವ ತಿರುವಿನಿಂದ ಮಾತು ಏಳುತ್ತದೆ, ಯಾವುದರಿಂದ ಏಳುವುದಿಲ್ಲ ಎಂದು ನೋಡಿಕೊಂಡಿರುತ್ತಾರೆ.

ಚಾರ್ಮಾಡಿಯ ಆ ಮಳೆಯ ನಂತರ ನಾನೂ ಹಾಗೆ ಮೊದಲೇ ಸಿದ್ಧನಾಗಿರುತ್ತೇನೆ. ಸೆಟ್ ಈಗ ಸೀಟಿನಡಿ ಇಲ್ಲ, ಗಾಳಿ ಆಡುವ ಕಡೆ ಹಲಗೆಗೆ ಬಿಗಿದಿದೆ. ಮಾಮೂಲಿ ಶಕ್ತಿ 10 ವ್ಯಾಟ್. ಡ್ಯಾಶ್‌ಕ್ಯಾಮ್ ಬದಲಾಗಿದೆ. ಲೈಸೆನ್ಸಿನ ಪ್ರತಿ ಕಾರಿನಲ್ಲೇ ಇರುತ್ತದೆ, ಪೊಲೀಸರು ಕೇಳಿದರೆ ತೋರಿಸುತ್ತೇನೆ. ಲೈಸೆನ್ಸ್ ಇಲ್ಲದೆ ಇಂಥ ಸೆಟ್ ಇಟ್ಟುಕೊಳ್ಳುವುದು, ಮಾತಾಡುವುದು ಅಪರಾಧ. ಅಂಗಡಿಯವನು ಏನೇ ಹೇಳಲಿ. ಹನ್ನೆರಡು ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಮತ್ತು ಕ್ಲಬ್‌ಗಳು ಕಲಿಸಿಕೊಡುತ್ತವೆ.

ಈಗಾಗಲೇ ಕಾಲ್‌ಸೈನ್ ಇರುವ ಗೆಳೆಯರಲ್ಲಿ ಒಂದು ಕೋರಿಕೆ. ಮುಂದಿನ ಸೆಟ್ಟಿಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ನಿಮ್ಮೂರಿನ ರಿಪೀಟರಿನ ಬ್ಯಾಟರಿಗೆ ಕೊಡಿ. ಮುಂಗಾರಿಗೆ ಮುಂಚೆ ಒಂದು ಭಾನುವಾರ ಬೆಟ್ಟ ಹತ್ತುವವರ ಜೊತೆ ಹೊರಡಿ, ಹೊರಲು ಇನ್ನೊಂದು ಹೆಗಲು ಯಾವಾಗಲೂ ಬೇಕಾಗಿರುತ್ತದೆ.