ಸವಾಲು ಮುಗಿದ ಮೇಲೆ ಹಣ ಎಲ್ಲಿಗೆ?

ಸೇವಾಕಾರ್ಯಕ್ಕಾಗಿ ನಡೆಯುವ ಹರಾಜಿನಲ್ಲಿ ಮಾರಾಟ ಮತ್ತು ದಾನ ಎರಡೂ ಒಂದೇ ಕೂಗಿಗೆ ಮುಗಿಯುತ್ತವೆ. ಒಬ್ಬರು ವಸ್ತುವನ್ನು ಬಿಟ್ಟಿಯಾಗಿ ಕೊಡುತ್ತಾರೆ. ಇನ್ನೊಬ್ಬರು ಅಂಗಡಿ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ತೆತ್ತು ಅದನ್ನು ಕೊಳ್ಳುತ್ತಾರೆ. ಬಂದ ಹಣ ಇವರಿಬ್ಬರಿಗೂ ಸೇರದೆ ಯಾರದೋ ಔಷಧಕ್ಕೋ ಶಾಲೆಗೋ ಊಟಕ್ಕೋ ಹೋಗುತ್ತದೆ. ಮಾಮೂಲಿ ಹರಾಜಿನಲ್ಲಿ ಕಡಿಮೆಗೆ ಕೊಂಡವನು ಜಾಣನಾದರೆ, ಇಲ್ಲಿ ಹೆಚ್ಚಿಗೆ ಕೂಗಿದವನಿಗೆ ಮರ್ಯಾದೆ. ನಾಲ್ಕು ಜನರ ಎದುರು ಕೂಗುವುದರಿಂದಲೇ ಬೆಲೆ ಏರುತ್ತದೆ. ಕಾಣಿಕೆ ಡಬ್ಬಿಗೆ ಗುಟ್ಟಾಗಿ ನೂರು ರೂಪಾಯಿ ಹಾಕುವವನು ಸವಾಲಿನಲ್ಲಿ ಹತ್ತು ಸಾವಿರಕ್ಕೂ ಹಿಂದೆಗೆಯುವುದಿಲ್ಲ.

ಕನ್ನಡ ನಾಡಿನ ಜಾತ್ರೆಗಳು ಈ ಗುಟ್ಟನ್ನು ಬಹಳ ಹಿಂದೆಯೇ ಅರಿತಿವೆ. ಚಿತ್ರದುರ್ಗ, ದಾವಣಗೆರೆ, ವಿಜಯನಗರ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ತೇರು ಕದಲುವ ಮುನ್ನ ಅದರ ಮೇಲಿನ ಪಟದ ಸವಾಲು ನಡೆಯುತ್ತದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಗುರು ತಿಪ್ಪೇರುದ್ರಸ್ವಾಮಿ ರಥೋತ್ಸವದ ಮುಕ್ತಿ ಬಾವುಟಕ್ಕೆ ಈಚಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಬಿಡ್ಡು ಬೀಳುತ್ತದೆ. ಕೈಗೆ ಸಿಗುವುದು ಒಂದು ಬಟ್ಟೆ. ಕೂಗುವವರಲ್ಲಿ ರಾಜಕಾರಣಿಗಳು, ಗುತ್ತಿಗೆದಾರರು ಹೆಚ್ಚಾಗಿರುವುದು ಆಕಸ್ಮಿಕವೇನೂ ಅಲ್ಲ. ಚರ್ಚುಗಳ ಸುಗ್ಗಿ ಹಬ್ಬದಲ್ಲಿಯೂ ಇದೇ ಕ್ರಮ: ಭಕ್ತರು ತಂದ ಕುಂಬಳಕಾಯಿ, ತೆಂಗಿನಕಾಯಿ, ನಾಟಿ ಕೋಳಿಗಳನ್ನು ಪ್ರಾರ್ಥನೆಯ ನಂತರ ಅಂಗಳದಲ್ಲೇ ಹರಾಜು ಹಾಕುತ್ತಾರೆ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎನ್ನುವಷ್ಟರಲ್ಲಿ ಒಂದು ಗೊನೆ ಬಾಳೆಹಣ್ಣಿಗೆ ಸಂತೆಯಲ್ಲಿ ಎಂದೂ ಕಾಣದ ಬೆಲೆ ಬಂದಿರುತ್ತದೆ.

ಈ ಹಳ್ಳಿಯ ಪದ್ಧತಿಯನ್ನು ದೇಶವ್ಯಾಪಿ ನಿಧಿ ಸಂಗ್ರಹಕ್ಕೆ ಬಳಸಿಕೊಂಡವರು ಗಾಂಧೀಜಿ. ಅಸ್ಪೃಶ್ಯತೆಯ ವಿರುದ್ಧ ಕೆಲಸ ಮಾಡಲು 1932ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಹರಿಜನ ಸೇವಕ ಸಂಘಕ್ಕೆ ಹಣ ಬೇಕಿತ್ತು. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟ ಅವರು ಸುಮಾರು ಒಂಬತ್ತು ತಿಂಗಳಲ್ಲಿ 12,500 ಮೈಲಿ ಸುತ್ತಿ, ಎಂಟು ಲಕ್ಷ ರೂಪಾಯಿಯಷ್ಟು ಕೂಡಿಸಿದರು. ಮಾನಪತ್ರ ಇಟ್ಟುಕೊಟ್ಟ ಬೆಳ್ಳಿಯ ಕರಂಡಕ, ಕೊರಳಿಗೆ ಹಾಕಿದ ಹಾರ, ಹೆಂಗಸರು ಬಿಚ್ಚಿಕೊಟ್ಟ ಬಳೆ ಎಲ್ಲವನ್ನೂ ಸಭೆಯಲ್ಲೇ ಸವಾಲಿಗೆ ಇಡುತ್ತಿದ್ದರು. ಹಸ್ತಾಕ್ಷರಕ್ಕೆ ಐದು ರೂಪಾಯಿ. ಸನ್ಮಾನದ ಸಾಮಾನನ್ನು ಸನ್ಮಾನಿಸಿದವರಿಗೇ ಮಾರಿ ದುಡ್ಡು ಎತ್ತುವ ಈ ವ್ಯಾಪಾರಬುದ್ಧಿಗೆ ಅವರು ಎಂದೂ ಸಂಕೋಚಪಟ್ಟವರಲ್ಲ.

ಆ ಪ್ರವಾಸ ಕನ್ನಡ ನಾಡಿನಲ್ಲಿ ಉಳಿಸಿದ ನೆನಪುಗಳಲ್ಲಿ ಕೊಡಗಿನ ಗೌರಮ್ಮನವರದು ಹೆಸರಾದದ್ದು. ಗಾಂಧೀಜಿ ತಮ್ಮ ಮನೆಗೆ ಬಂದೇ ಹೋಗಬೇಕೆಂದು ಉಪವಾಸ ಕೂತ ಈ ಕತೆಗಾರ್ತಿ, ಅವರು ಬಂದಾಗ ತಾಳಿಯಂಥ ಒಂದೆರಡು ಒಡವೆ ಬಿಟ್ಟು ಮಿಕ್ಕದ್ದನ್ನೆಲ್ಲ ಹರಿಜನ ನಿಧಿಗೆ ಕೊಟ್ಟರು. ಅದೇ 1934ರಲ್ಲಿ ಗಾಂಧೀಜಿ ಸಂಡೂರಿಗೂ ಬಂದರು. ಸಂಡೂರು ಆಗ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಅಲ್ಲಿನ ದೇವಾಲಯಗಳ ಬಾಗಿಲು ದಲಿತರಿಗೆ 1932ರಲ್ಲೇ ತೆರೆದಿತ್ತು. ಗಾಂಧೀಜಿ ಮೆಚ್ಚಿದ ಅಲ್ಲಿನ ಹಸಿರು ಬೆಟ್ಟಗಳ ಒಡಲಿನ ಅದಿರೇ ಮುಂದೆ ಹರಾಜಿಗೆ ಬಂತು.

ಇಂದಿನ ನಗರದ ಹರಾಜಿಗೆ ಸರಕು ಒದಗಿಸುವುದು ಬಹುಪಾಲು ಕ್ರಿಕೆಟ್ ಮತ್ತು ಸಿನಿಮಾ. ಕರ್ನಾಟಕದ ಆಟಗಾರ ಕೆ.ಎಲ್. ರಾಹುಲ್ 2019ರ ವಿಶ್ವಕಪ್‌ನಲ್ಲಿ ಆಡಿದ ಬ್ಯಾಟು, ಹೆಲ್ಮೆಟ್ಟು, ಪ್ಯಾಡು, ಅಂಗಿಗಳನ್ನು 2020ರ ಏಪ್ರಿಲ್‌ನಲ್ಲಿ ಮಕ್ಕಳ ಶಿಕ್ಷಣಕ್ಕೆಂದು ಹರಾಜಿಗಿಟ್ಟಾಗ ಸುಮಾರು ಎಂಟು ಲಕ್ಷ ರೂಪಾಯಿ ಬಂತು, ಬ್ಯಾಟೊಂದಕ್ಕೇ 2.64 ಲಕ್ಷ. 2024ರ ಆಗಸ್ಟಿನಲ್ಲಿ ಅವರೂ ಅವರ ಪತ್ನಿ, ನಟಿ ಆಥಿಯಾ ಶೆಟ್ಟಿಯೂ ಮುಂಬೈಯ ವಿಪ್ಲಾ ಫೌಂಡೇಷನ್ನಿನ ವಿಶೇಷ ಮಕ್ಕಳ ಶಾಲೆಗಾಗಿ ನಡೆಸಿದ ಹರಾಜಿನಲ್ಲಿ 1.93 ಕೋಟಿ ಕೂಡಿತು. ವಿರಾಟ್ ಕೊಹ್ಲಿಯ ಅಂಗಿಗೆ 40 ಲಕ್ಷ, ರಾಹುಲ್ ದ್ರಾವಿಡ್ ಬ್ಯಾಟಿಗೆ 11 ಲಕ್ಷ. ವಿದೇಶದ ಅಂಕಿಗಳ ಮುಂದೆ ಇವು ಚಿಲ್ಲರೆ: ಮೈಕ್ರೋಸಾಫ್ಟ್ ಸಹಸ್ಥಾಪಕ ಪಾಲ್ ಆಲೆನ್ ಸಂಗ್ರಹಿಸಿದ್ದ ಕಲಾಕೃತಿಗಳು 2022ರಲ್ಲಿ 160 ಕೋಟಿ ಡಾಲರಿಗೂ ಹೆಚ್ಚಿಗೆ ಮಾರಾಟವಾದವು, ಹಣವೆಲ್ಲ ದತ್ತಿಕಾರ್ಯಕ್ಕೆ ಮೀಸಲಾಯಿತು.

ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಫ್ರಾನ್ಸಿನ ಬೋನ್ ಪಟ್ಟಣದ ಹರಾಜು. ಅಲ್ಲಿ 1443ರಲ್ಲಿ ಬಡವರಿಗಾಗಿ ಸ್ಥಾಪಿಸಿದ ಆಸ್ಪತ್ರೆಗೆ ಭಕ್ತರು ತಲೆಮಾರುಗಳ ಕಾಲ ದ್ರಾಕ್ಷಿತೋಟಗಳನ್ನು ಬಿಟ್ಟುಕೊಟ್ಟರು. ಆ ತೋಟಗಳ ವೈನನ್ನು 1859ರಿಂದ ನವೆಂಬರ್ ತಿಂಗಳಲ್ಲಿ ಬಹಿರಂಗ ಹರಾಜಿನಲ್ಲಿ ಮಾರಿ ಆಸ್ಪತ್ರೆಯ ಖರ್ಚು ತೂಗಿಸುತ್ತಾರೆ. ಇಲ್ಲಿ ಬಿಕರಿಯಾಗುವುದು ತಾರೆಯೊಬ್ಬರ ಅಂಗಿಯಲ್ಲ, ಆ ನೆಲದ ಫಸಲು.

ಕೂಗು ನಿಂತ ಮೇಲೆ ಉಳಿಯುವ ಕೆಲಸಕ್ಕೆ ಚಪ್ಪಾಳೆ ಇಲ್ಲ. ಬಿಡ್ಡು ಹಿಡಿದವರು ದುಡ್ಡು ಕಟ್ಟಿದರೇ ಎಂಬುದು ಮೊದಲ ತಲೆನೋವು. ಜಾತ್ರೆಗಳಲ್ಲಿ ಬಾಕಿ ಮುಂದಿನ ವರ್ಷದವರೆಗೆ ಎಳೆಯುವುದುಂಟು. ಹೋಟೆಲ್ ಸಭಾಂಗಣ, ಊಟ, ಪ್ರಚಾರಗಳ ಖರ್ಚು ಕಳೆದು ಎಷ್ಟು ಮಿಕ್ಕಿತು ಎಂಬುದು ಎರಡನೆಯದು. ಹಣ ಸೇರುವ ಸಂಸ್ಥೆ ಟ್ರಸ್ಟ್ ಆಗಿರಬಹುದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಘವಾಗಿರಬಹುದು, ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಲಾಭರಹಿತ ಕಂಪನಿಯಾಗಿರಬಹುದು. ಮೂರಕ್ಕೂ ನಿಯಮದ ತಿರುಳು ಒಂದೇ: ಮಿಕ್ಕ ಹಣವನ್ನು ನಡೆಸುವವರು ಹಂಚಿಕೊಳ್ಳುವಂತಿಲ್ಲ. ಹೊರದೇಶದಿಂದ ಬರುವ ದೇಣಿಗೆಗೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯೊಂದಕ್ಕೇ ಬರಬೇಕು, ಆಡಳಿತ ವೆಚ್ಚ ಶೇ 20 ದಾಟಬಾರದು, ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸಲೂಬಾರದು. ದೊಡ್ಡ ಸಂಸ್ಥೆಗಳ ಮೂಲಕ ನೆರವು ಪಡೆಯುತ್ತಿದ್ದ ಸಣ್ಣ ಸಂಘಗಳಿಗೆ ಪೆಟ್ಟು ಕೊಟ್ಟದ್ದು ಈ ಕೊನೆಯ ನಿಯಮ.

ಹರಾಜಿನ ಗೊಡವೆಯೇ ಇಲ್ಲದೆ ದುಡಿಯುವ ಸಂಸ್ಥೆಗಳೂ ಇವೆ. ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ-ಕವಡೆಯ ಕಸೂತಿಗೆ ಮಾರುಕಟ್ಟೆ ಕಟ್ಟಿಕೊಟ್ಟಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ಸೇರಿದಾಗ ಆ ಭಾಗದ 450ಕ್ಕೂ ಹೆಚ್ಚು ಕುಶಲಕರ್ಮಿ ಮಹಿಳೆಯರು ಸೇರಿ ಹೊಲಿದ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಲ್ಲಿ ಕೊಳ್ಳುವವರು ಕರುಣೆಗೆ ಕೊಡುವುದಲ್ಲ, ಕೆಲಸಕ್ಕೆ ಕೊಡುವುದು.

ಆದರೆ ಹೊಸಪೇಟೆ–ಸಂಡೂರು ಸೀಮೆಯ ಅತಿದೊಡ್ಡ ಹರಾಜು ಅದಿರಿನದು; ಅಲ್ಲಿ ವೇದಿಕೆಯಿಲ್ಲ, ಹಾರವಿಲ್ಲ. ಹೊಸಪೇಟೆಯಿಂದ ತೋರಣಗಲ್ಲಿನ ಕಡೆ ಹೋಗುವ ದಾರಿಯಲ್ಲಿ ಸಿಗುವ ಪಾಪಿನಾಯಕನಹಳ್ಳಿ, ಜನರ ಬಾಯಲ್ಲಿ ಪಿ.ಕೆ. ಹಳ್ಳಿ, ಕಬ್ಬಿಣದ ಅದಿರಿನ ಪಟ್ಟಿಯಲ್ಲಿರುವ ಊರು. 2000ದ ದಶಕದಲ್ಲಿ ಚೀನಾದ ಬೇಡಿಕೆ ಏರಿ ಅದಿರಿನ ಬೆಲೆ ಜಿಗಿದಾಗ ಈ ಸೀಮೆಯ ರಸ್ತೆಗಳಲ್ಲಿ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ರಸ್ತೆ ಬದಿಯ ಜೋಳದ ಎಲೆ, ಮನೆಯ ಹಂಚು, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಕೆಂಪು ದೂಳು ಕೂರುತ್ತಿತ್ತು. ಮಳೆಗಾಲದಲ್ಲಿ ಅದೇ ದೂಳು ಕೆಸರಾಗಿ ಹಳ್ಳ-ಕೆರೆಗೆ ಇಳಿಯುತ್ತಿತ್ತು. ಅದಿರು ಬಂದರಿಗೆ ಹೋಯಿತು, ದೂಳು ಊರಲ್ಲೇ ಉಳಿಯಿತು.

ಈ ಗಣಿಗಾರಿಕೆಯ ಅಕ್ರಮಗಳನ್ನು ನ್ಯಾಯಾಲಯದ ಮುಂದಿಟ್ಟದ್ದು ಒಂದು ಲಾಭರಹಿತ ಸಂಸ್ಥೆ. ಎಸ್.ಆರ್. ಹಿರೇಮಠರ ನೇತೃತ್ವದ ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಬಿತ್ತು; ಮುಂದಿನ ತಿಂಗಳು ತುಮಕೂರು, ಚಿತ್ರದುರ್ಗಕ್ಕೂ ವಿಸ್ತರಿಸಿತು. ಅಷ್ಟರಲ್ಲಿ ತೆಗೆದಿಟ್ಟಿದ್ದ ಅದಿರಿನ ರಾಶಿಗಳು ಹಾಗೇ ಬಿದ್ದಿದ್ದವು, ಉಕ್ಕಿನ ಕಾರ್ಖಾನೆಗಳು ಬರಿಗೈಯಲ್ಲಿ ಕೂತಿದ್ದವು. ಆ ರಾಶಿಗಳನ್ನು ಮೇಲುಸ್ತುವಾರಿ ಸಮಿತಿಯ ಮೂಲಕ ಇ-ಹರಾಜಿಗೆ ಹಾಕಲು ಕೋರ್ಟು ಹೇಳಿತು. ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಕಂಪನಿಯ ಜಾಲತಾಣದಲ್ಲಿ ಗಟ್ಟಿ ಅದಿರು, ಪುಡಿ ಅದಿರು ಬೇರೆಬೇರೆಯಾಗಿ ಲಾಟುಗಳಾಗಿ ಬಂದವು. ಕೊಳ್ಳುವವರು ಕಂಪ್ಯೂಟರಿನ ಮುಂದೆ ಕೂತು ಟನ್ನಿನ ಲೆಕ್ಕದಲ್ಲಿ ಬೆಲೆ ಏರಿಸಿದರು.

2013ರ ಏಪ್ರಿಲ್ 18ರ ತೀರ್ಪು 166 ಗಣಿ ಗುತ್ತಿಗೆಗಳನ್ನು ಮೂರು ವರ್ಗ ಮಾಡಿತು. ತಪ್ಪು ಇಲ್ಲದ, ಅಥವಾ ತೀರ ಕಡಿಮೆ ಇದ್ದವು ಎ. ಗಡಿ ಮೀರಿ ಸ್ವಲ್ಪ ಒತ್ತುವರಿ ಮಾಡಿದವು ಬಿ. ರಾಜಾರೋಷವಾಗಿ ಕಾನೂನು ಮುರಿದವು ಸಿ. ಸಿ ವರ್ಗದ ಗುತ್ತಿಗೆಗಳು ರದ್ದಾದವು. ಅವುಗಳಲ್ಲಿ ಕೆಲವನ್ನು 2016ರ ಅಕ್ಟೋಬರಿನಲ್ಲಿ ಹರಾಜು ಹಾಕಿದಾಗ ಜೆಎಸ್‌ಡಬ್ಲ್ಯು ಸ್ಟೀಲ್ ಐದನ್ನು ಪಡೆಯಿತು. ಅದಿರಿನ ಇ-ಹರಾಜಿನಿಂದ ಬಂದ ಹಣದ ಒಂದು ಪಾಲು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಮೀಸಲಾಯಿತು. ಇದಕ್ಕೆಂದೇ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ (ಕೆಎಂಇಆರ್‌ಸಿ) ಹುಟ್ಟಿತು. ಹಣ ಮಾತ್ರ ಯೋಜನೆಗೆ ಒಪ್ಪಿಗೆ ಸಿಗದೆ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಬಡ್ಡಿ ಬೆಳೆಸುತ್ತ ಕೂತಿತು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ದಾರಿ ತೆರೆದದ್ದು 2022ರಲ್ಲಿ. ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅದರ ಮೇಲ್ವಿಚಾರಣೆಗೆ ನೇಮಕವಾದರು. ತಡೆ ಬಿದ್ದ ವರ್ಷ ಅಂಗನವಾಡಿಯಲ್ಲಿದ್ದ ಮಗು ಅಷ್ಟರಲ್ಲಿ ಹೈಸ್ಕೂಲು ಮುಗಿಸುವ ಹಂತದಲ್ಲಿತ್ತು.

ಇದರ ಜೊತೆಗೆ ಇನ್ನೊಂದು ಹುಂಡಿಯಿದೆ. ಗಣಿ ಮತ್ತು ಖನಿಜ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿ ಹೊಸ ಗುತ್ತಿಗೆಗಳನ್ನು ಹರಾಜಿನಲ್ಲೇ ಕೊಡಬೇಕೆಂದಿತು. ಗಣಿಯಿರುವ ಪ್ರತಿ ಜಿಲ್ಲೆಯಲ್ಲಿ ಲಾಭರಹಿತ ಟ್ರಸ್ಟ್ ಆಗಿ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇರಬೇಕೆಂದಿತು. ಊರುಗಳಲ್ಲಿ ಡಿಎಂಎಫ್ ಅನುದಾನ ಎನ್ನುವುದು ಇದನ್ನೇ. ಲೆಕ್ಕ ಸರಳ. ಕಬ್ಬಿಣದ ಅದಿರಿಗೆ ರಾಜಧನ ಸರಾಸರಿ ಮಾರಾಟ ಬೆಲೆಯ ಶೇ 15. ಟನ್ನಿಗೆ 3,000 ರೂಪಾಯಿ ಬೆಲೆ ಎಂದಿಟ್ಟುಕೊಂಡರೆ ರಾಜಧನ 450 ರೂಪಾಯಿ. 2015ರ ಜನವರಿಗಿಂತ ಹಿಂದಿನ ಗುತ್ತಿಗೆಯಾದರೆ ಆ ರಾಜಧನದ ಶೇ 30ರಷ್ಟನ್ನು, ಅಂದರೆ 135 ರೂಪಾಯಿಯನ್ನು, ಅದರ ಮೇಲೆ ಪ್ರತಿಷ್ಠಾನಕ್ಕೆ ಕಟ್ಟಬೇಕು. ಹರಾಜಿನಲ್ಲಿ ಪಡೆದ ಗಣಿಯಾದರೆ ಶೇ 10, ಬರೀ 45 ರೂಪಾಯಿ. 20 ಟನ್ನಿನ ಒಂದು ಲಾರಿ ಊರು ದಾಟಿದಾಗ ಹಳೆಯ ಗಣಿಯಿಂದ 2,700, ಹರಾಜಿನ ಗಣಿಯಿಂದ 900. ಹರಾಜಿನಲ್ಲಿ ಗೆದ್ದವನು ಅದಿರಿನ ಮೌಲ್ಯದ ಇಂತಿಷ್ಟು ಪಾಲನ್ನು ರಾಜ್ಯಕ್ಕೆ ಬೇರೆಯಾಗಿ ಕೊಡುತ್ತಾನೆ, ಅದಕ್ಕೇ ಈ ರಿಯಾಯಿತಿ. ಆದರೆ ಆ ಪಾಲು ಸೇರುವುದು ಬೆಂಗಳೂರಿನ ಬೊಕ್ಕಸಕ್ಕೆ. ಗಣಿ ಪಕ್ಕದ ಊರಿಗೆ ಹರಾಜಿನ ಬಿರುಸಿನಿಂದ ನೇರವಾಗಿ ಏನೂ ಹೆಚ್ಚುವುದಿಲ್ಲ.

ಖರ್ಚಿಗೂ ಕಟ್ಟುಪಾಡುಗಳಿವೆ. ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿಯಂತೆ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ, ಮಹಿಳೆ-ಮಕ್ಕಳ ಕಲ್ಯಾಣದಂಥ ಆದ್ಯತೆಯ ಬಾಬುಗಳಿಗೆ ಮೊದಲು ಶೇ 60 ಮೀಸಲಿತ್ತು. 2024ರ ಪರಿಷ್ಕರಣೆ ಅದನ್ನು ಶೇ 70ಕ್ಕೆ ಏರಿಸಿತು. ಗಣಿಯಿಂದ 15 ಕಿಲೋಮೀಟರ್ ಒಳಗಿನ ಊರುಗಳು ನೇರ ಬಾಧಿತ, 25 ಕಿಲೋಮೀಟರ್ ಒಳಗಿನವು ಪರೋಕ್ಷ ಬಾಧಿತ. ಮಾರ್ಗಸೂಚಿಯ ಈ ವೃತ್ತಕ್ಕೂ ಆಡಳಿತದ ಗಡಿಗೂ ಹೊಂದಿಕೆಯಾಗುವುದು ಅಪರೂಪ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ತಾಲ್ಲೂಕಿನ ಪಾಪಿನಾಯಕನಹಳ್ಳಿ ಹೊಸ ಜಿಲ್ಲೆಗೆ ಬಂತು, ಗಣಿಗಳು ದಟ್ಟವಾಗಿರುವ ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ದೂಳಿಗೆ ಈ ಗೆರೆಯ ಹಂಗಿಲ್ಲ.

ದಾನದ ಹರಾಜಿಗೂ ಇದಕ್ಕೂ ಇರುವ ಅಂತರ ಮುಚ್ಚಿಡುವಂಥದ್ದಲ್ಲ. ಕ್ರಿಕೆಟಿಗನ ಬ್ಯಾಟು ಕೊಂಡವರು ಇಷ್ಟಪಟ್ಟು ಕೊಟ್ಟದ್ದು, ಶಾಲೆಯವರು ಕೃತಜ್ಞತೆ ಹೇಳುವುದು ಸಹಜ. ಅದಿರಿನ ಹಣ ಊರಿಗೆ ಸಲ್ಲಬೇಕಾದ ಬಾಕಿ. ಅದರಲ್ಲಿ ಕಟ್ಟಿದ ಕೊಠಡಿಯ ಮೇಲೆ ದಾನಿಗಳ ಹೆಸರಿನ ಫಲಕ ಬೇಕಿಲ್ಲ, ಖರ್ಚಿನ ಲೆಕ್ಕ ಬೇಕು. ಪ್ರತಿಷ್ಠಾನ ಬಾಧಿತರ ಪಟ್ಟಿ, ಕೈಗೊಂಡ ಕಾಮಗಾರಿ, ವಾರ್ಷಿಕ ವರದಿ, ಲೆಕ್ಕಪರಿಶೋಧನೆಗಳನ್ನು ಜಾಲತಾಣದಲ್ಲಿ ಹಾಕಬೇಕೆಂದು ನಿಯಮವೇ ಹೇಳುತ್ತದೆ. ಗ್ರಾಮಸಭೆಯಲ್ಲಿ ಈ ಹಾಳೆಗಳನ್ನು ಮುಂದಿಟ್ಟು ಕೇಳುವ ಊರಿಗೂ ಕೇಳದ ಊರಿಗೂ ಸಿಗುವುದರಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ.

ಬೋನ್‌ನ ದ್ರಾಕ್ಷಿ ಪ್ರತಿ ವರ್ಷ ಚಿಗುರುತ್ತದೆ, ಅಗೆದ ಅದಿರು ಮತ್ತೆ ಬೆಳೆಯುವುದಿಲ್ಲ. ಗಣಿ ನಿಂತ ದಿನ ರಾಜಧನವೂ ಪ್ರತಿಷ್ಠಾನದ ಪಾಲೂ ನಿಲ್ಲುತ್ತವೆ. ಇದನ್ನು ನೆನೆದೇ 2024ರ ಮಾರ್ಗಸೂಚಿ, ಹೆಚ್ಚು ವರಮಾನವಿರುವ ಜಿಲ್ಲೆಗಳು ವರ್ಷದ ಸಂಗ್ರಹದಲ್ಲಿ ಶೇ 10ರವರೆಗೆ ದತ್ತಿನಿಧಿಯಾಗಿ ಕೂಡಿಟ್ಟು, ಗಣಿ ಮುಚ್ಚಿದ ಮೇಲೂ ಜನರ ಜೀವನೋಪಾಯಕ್ಕೆ ಬಳಸಲು ಅವಕಾಶ ಕೊಟ್ಟಿದೆ.