ಅಣಬೆಯ ಕಪ್ಪು ಮತ್ತು ಅದರ ಕಿಣ್ವ

ಹೆಚ್ಚಿದ ಅಣಬೆಯನ್ನು ಕೊಂಚ ಹೊತ್ತು ಗಾಳಿಗೆ ಬಿಟ್ಟರೆ ಅದರ ಬಿಳುಪು ಅಡಗಿ ಕಂದು ಬಣ್ಣವು ತಲೆದೋರುವುದು. ಬದನೆಯ ಹೋಳುಗಳನ್ನು ಕೂಡಲೇ ನೀರಿಗೆ ಹಾಕುವ ಗೃಹಿಣಿಯರಿಗೆ ಇದು ಅಪರಿಚಿತವಾದ ವಿಷಯವಲ್ಲ. ಈ ಕಪ್ಪಿಗೆ ಕಾರಣವಾದ ವಸ್ತುವನ್ನು ಫ್ರಾನ್ಸ್ ದೇಶದ ಬೂರ್ಕೆಲೋ ಮತ್ತು ಬೆರ್ತ್ರಾಂ ಎಂಬ ವಿದ್ವಾಂಸರು 1895ರಲ್ಲಿ ಅಣಬೆಯ ರಸದಲ್ಲಿ ಗುರುತಿಸಿದರು. ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಕಪ್ಪಾಗಿಸುವುದರಿಂದ ಅದಕ್ಕೆ ಟೈರೋಸಿನೇಸ್ ಎಂಬ ಹೆಸರಾಯಿತು. ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ಶೀಘ್ರಗೊಳಿಸುವ ಇಂತಹ ಜೀವಜನ್ಯ ವಸ್ತುವನ್ನೇ ಕಿಣ್ವವೆನ್ನುವರು.

ರಸದಲ್ಲಿ ಕಿಣ್ವವಿದೆಯೆಂದು ಹೇಳುವುದು ಸುಲಭ. ಅದನ್ನು ನೂರಾರು ಇತರ ಪ್ರೋಟೀನುಗಳಿಂದ ಬಿಡಿಸಿ ತೆಗೆಯುವುದು ಸುಲಭವಲ್ಲ. ಅಣಬೆಯಲ್ಲಂತೂ ಒಂದು ವಿಶೇಷ ತೊಡಕುಂಟು. ಅರೆದೊಡನೆಯೇ ಕಿಣ್ವವು ಅಲ್ಲಿಯ ಫೀನಾಲುಗಳ ಮೇಲೆ ಬಿದ್ದು ಕಪ್ಪನ್ನು ಹುಟ್ಟಿಸುತ್ತದೆ. ಆ ಕಪ್ಪು ಕಿಣ್ವಕ್ಕೇ ಅಂಟಿ ಅದನ್ನು ಕೆಡಿಸುತ್ತದೆ. ನಾವು ಹುಡುಕುವ ಕಳ್ಳನೇ ತನ್ನ ಮೈಗೆ ಮಸಿ ಬಳಿದುಕೊಳ್ಳುವನೆನ್ನಬಹುದು. ಆದುದರಿಂದ ಅಣಬೆಯನ್ನು ಅತಿ ಶೀತಲವಾದ ಅಸಿಟೋನಿನಲ್ಲಿ ಅರೆದು, ಫೀನಾಲುಗಳನ್ನು ತೊಳೆದು ಕಳೆದು, ಉಳಿದ ಪುಡಿಯಿಂದ ಕಿಣ್ವವನ್ನು ನೀರಿಗೆ ಇಳಿಸುವುದುಂಟು. ಬಳಿಕ ಅಮೋನಿಯಂ ಸಲ್ಫೇಟ್ ಲವಣವನ್ನು ಕ್ರಮಕ್ರಮವಾಗಿ ಬೆರೆಸಿದರೆ ಒಂದೊಂದು ಪ್ರೋಟೀನೂ ತನ್ನ ತನ್ನ ಹದದಲ್ಲಿ ಗರಟಾಗಿ ತಳಕ್ಕಿಳಿಯುವುದು. ಬೇಕಾದ ಗರಟನ್ನು ಕರಗಿಸಿ, ಸೂಕ್ಷ್ಮರಂಧ್ರಗಳ ಪೊರೆಚೀಲದಲ್ಲಿಟ್ಟು ಲವಣವನ್ನು ನೀಗಿ, ವಿದ್ಯುದಂಶಗಳುಳ್ಳ ಕಣಗಳನ್ನು ತುಂಬಿದ ಕೊಳವೆಯ ಮೂಲಕ ಹರಿಯಿಸುವರು. ಇದೆಲ್ಲವೂ ತಣ್ಪಿನಲ್ಲಿಯೇ ನಡೆಯತಕ್ಕದ್ದು.

ಶುದ್ಧಿಯನ್ನು ಅಳೆಯುವ ಬಗೆ ಹೇಗೆ? ಮೊದಲ ರಸದ 50 ಮಿಲಿಗ್ರಾಂ ಪ್ರೋಟೀನಿನಲ್ಲಿ 100 ಮಾನದಷ್ಟು ಕ್ರಿಯಾಶಕ್ತಿಯಿತ್ತೆಂದು ಭಾವಿಸೋಣ, ಮಿಲಿಗ್ರಾಮಿಗೆ 2. ಕೊನೆಗೆ 3 ಮಿಲಿಗ್ರಾಂ ಪ್ರೋಟೀನೂ 60 ಮಾನ ಶಕ್ತಿಯೂ ಉಳಿದರೆ ಮಿಲಿಗ್ರಾಮಿಗೆ 20. ಕಿಣ್ವವು ಹತ್ತು ಮಡಿ ಶುದ್ಧವಾಯಿತು, ಆದರೆ ನೂರಕ್ಕೆ ನಲವತ್ತು ಪಾಲು ಕೈಬಿಟ್ಟಿತು. ಈ ನಷ್ಟವನ್ನು ಮುಚ್ಚಿಟ್ಟು ಶುದ್ಧಿಯನ್ನು ಮಾತ್ರ ಸಾರುವ ವರದಿಯನ್ನು ನಾವು ಅರ್ಧ ವರದಿಯೆಂದೇ ಎಣಿಸುತ್ತೇವೆ.

1938ರಲ್ಲಿ ಕೇಂಬ್ರಿಡ್ಜಿನ ಕೈಲಿನ್ ಮತ್ತು ಮ್ಯಾನ್ ಎಂಬುವರು ಅಣಬೆಯ ಕಿಣ್ವವನ್ನು ಶುದ್ಧಗೊಳಿಸಿ, ಅದು ತಾಮ್ರವನ್ನೊಳಗೊಂಡ ಪ್ರೋಟೀನೆಂದು ತೋರಿಸಿದರು. ಕ್ರಿಯೆ ನಡೆಯುವ ತಾಣದಲ್ಲಿ ಎರಡು ತಾಮ್ರದ ಪರಮಾಣುಗಳಿದ್ದು, ಒಂದೊಂದನ್ನೂ ಮೂರು ಹಿಸ್ಟಿಡೀನುಗಳು ಹಿಡಿದಿರುವುವು. ಆಮ್ಲಜನಕವು ಅವುಗಳ ನಡುವೆ ಕುಳಿತು ಟೈರೋಸಿನನ್ನು ಮಾರ್ಪಡಿಸುವುದು. ಬಿಳಿ ಗುಂಡಿ ಅಣಬೆಯ ಕಿಣ್ವದ ಸ್ಫಟಿಕರಚನೆಯು 2011ರಲ್ಲಿ ಪ್ರಕಟವಾಯಿತು: ಎರಡು ದೊಡ್ಡ ಸರಪಳಿಗಳು, ಎರಡು ಚಿಕ್ಕವು.

ಮನುಷ್ಯನ ಚರ್ಮಕ್ಕೂ ಕೂದಲಿಗೂ ಬಣ್ಣವನ್ನೀಯುವುದು ಇದೇ ವರ್ಗದ ಕಿಣ್ವ. ಅದು ಹುಟ್ಟಿನಿಂದ ಕುಂಠಿತವಾದರೆ ಒಂದು ಬಗೆಯ ಬಿಳಿತನವುಂಟಾಗುತ್ತದೆ. ಮೈಬಣ್ಣವನ್ನು ತಿಳಿಗೊಳಿಸುವ ಲೇಪಗಳ ದ್ರವ್ಯಗಳನ್ನು, ಸುಲಭವಾಗಿ ದೊರೆಯುವುದೆಂಬ ಕಾರಣದಿಂದ, ಅಣಬೆಯ ಕಿಣ್ವದ ಮೇಲೆಯೇ ಪರೀಕ್ಷಿಸುವ ವಾಡಿಕೆ ಬೆಳೆದಿದೆ. ಆದರೆ ಇವೆರಡು ಕಿಣ್ವಗಳು ದಾಯಾದಿಗಳೇ ಹೊರತು ಅವಳಿಗಳಲ್ಲ. ಅಣಬೆಯದನ್ನು ಬಲವಾಗಿ ತಡೆಯುವ ಕೋಜಿಕ್ ಆಮ್ಲವು ಮನುಷ್ಯನದನ್ನು ಬಹಳ ಮಂದವಾಗಿ ತಡೆಯುವುದೆಂದು ಕಂಡುಬಂದಿದೆ. ಲೇಪದ ಡಬ್ಬಿಯ ಮೇಲೆ 'ಪ್ರಯೋಗದಿಂದ ಸಿದ್ಧವಾದುದು' ಎಂದು ಬರೆದಿದ್ದರೆ, ಯಾವ ಕಿಣ್ವದ ಮೇಲಿನ ಪ್ರಯೋಗವೆಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.