ಗರ್ಭಿಣಿಯಾದ ಕೂಡಲೇ ಫಿಟ್ಸ್ ಮಾತ್ರೆ ನಿಲ್ಲಿಸಬೇಕೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಫಿಟ್ಸ್ ಮಾತ್ರೆಯಿಂದ ಹುಟ್ಟುವ ಮಗುವಿಗೆ ತೊಂದರೆ. ಗರ್ಭಿಣಿ ಎಂದು ಗೊತ್ತಾದ ದಿನವೇ ಮಾತ್ರೆ ಬಿಟ್ಟುಬಿಡಿ." ಇಂಥ ಸಲಹೆ ವಾಟ್ಸಾಪ್‌ನಲ್ಲೂ ಬರುತ್ತದೆ, ಮನೆಯ ಹಿರಿಯರ ಬಾಯಲ್ಲೂ ಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು ತರಬಹುದು.

ಸತ್ಯ ಎಷ್ಟು?

ಫಿಟ್ಸ್, ಅಂದರೆ ಮೂರ್ಛೆ ರೋಗಕ್ಕೆ ಹಲವು ಔಷಧಗಳಿವೆ. ಎಲ್ಲವೂ ಮಗುವಿನ ಮೇಲೆ ಒಂದೇ ರೀತಿ ಪರಿಣಾಮ ಬೀರುವುದಿಲ್ಲ. ಇದನ್ನು ಸ್ಪಷ್ಟವಾಗಿ ತೋರಿಸಿದವರಲ್ಲಿ ಅಮೆರಿಕದ ನರರೋಗ ತಜ್ಞ ಕಿಮ್‌ಫರ್ಡ್ ಮೀಡರ್ ಪ್ರಮುಖರು. ಅವರ ತಂಡ 1999ರಿಂದ 2004ರವರೆಗೆ ಅಮೆರಿಕ ಮತ್ತು ಬ್ರಿಟನ್‌ನಲ್ಲಿ 300ಕ್ಕೂ ಹೆಚ್ಚು ಗರ್ಭಿಣಿಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಪ್ರತಿಯೊಬ್ಬರೂ ನಾಲ್ಕು ಔಷಧಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಹುಟ್ಟಿದ ಮಕ್ಕಳಿಗೆ ಆರು ವರ್ಷವಾದಾಗ ಅವರ ಬುದ್ಧಿಶಕ್ತಿಯನ್ನು ಅಳೆಯಲಾಯಿತು.

2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ತಾಯಿ ಲ್ಯಾಮೊಟ್ರಿಜಿನ್ ಅಥವಾ ಫೆನಿಟಾಯಿನ್ ತೆಗೆದುಕೊಂಡಿದ್ದ ಮಕ್ಕಳ ಸರಾಸರಿ ಐಕ್ಯೂ 108, ಕಾರ್ಬಮಜೆಪೈನ್‌ನಲ್ಲಿ 105, ವಾಲ್ಪ್ರೊಯೇಟ್‌ನಲ್ಲಿ 97. ವಾಲ್ಪ್ರೊಯೇಟ್ ಡೋಸ್ ಹೆಚ್ಚಿದಂತೆ ಪರಿಣಾಮವೂ ಹೆಚ್ಚಿತ್ತು.

ಅಂಗವೈಕಲ್ಯದ ಲೆಕ್ಕವೂ ಇದನ್ನೇ ಹೇಳುತ್ತದೆ. ಹಲವು ದೇಶಗಳ ಮಾಹಿತಿ ಸೇರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವಾಲ್ಪ್ರೊಯೇಟ್ ತೆಗೆದುಕೊಂಡ ತಾಯಂದಿರಲ್ಲಿ 100 ಮಕ್ಕಳಿಗೆ ಸುಮಾರು 10 ಮಕ್ಕಳಲ್ಲಿ ಗಂಭೀರ ಜನ್ಮದೋಷ ಕಂಡಿತ್ತು. ಲ್ಯಾಮೊಟ್ರಿಜಿನ್ ಮತ್ತು ಲೆವೆಟಿರಾಸೆಟಮ್‌ನಲ್ಲಿ ಅದು ಸುಮಾರು 3. ಯಾವ ಮಾತ್ರೆಯನ್ನೂ ತೆಗೆದುಕೊಳ್ಳದ ತಾಯಂದಿರಲ್ಲೂ ಈ ಪ್ರಮಾಣ 2ರಿಂದ 3 ಇದ್ದೇ ಇರುತ್ತದೆ.

ಅಂದರೆ "ಫಿಟ್ಸ್ ಮಾತ್ರೆ ಕೆಟ್ಟದ್ದು" ಎನ್ನುವುದು ತಪ್ಪು. "ಯಾವ ಮಾತ್ರೆ, ಎಷ್ಟು ಡೋಸ್" ಎಂಬುದೇ ಮುಖ್ಯ.

ತಟ್ಟನೆ ನಿಲ್ಲಿಸಿದರೆ ಏನಾಗುತ್ತದೆ?

ಮಗುವಿನ ಮೆದುಳು ಮತ್ತು ಬೆನ್ನುಹುರಿಗೆ ಆಧಾರವಾಗುವ ನರಕೊಳವೆ ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಪರೀಕ್ಷೆ ಮಾಡಿಸಿ, ವಿಷಯ ಖಚಿತವಾಗುವ ಹೊತ್ತಿಗೆ ಎಷ್ಟೋ ಜನರಲ್ಲಿ ಆ ಹಂತ ಮುಗಿದಿರುತ್ತದೆ. ಆಗ ಮಾತ್ರೆ ಬಿಟ್ಟರೆ ನರಕೊಳವೆಗೆ ಆಗಬಹುದಾದ ಹಾನಿ ತಪ್ಪುವುದಿಲ್ಲ. ಆದರೆ ಫಿಟ್ಸ್ ಮರುಕಳಿಸುವ ಅಪಾಯ ಆ ದಿನದಿಂದಲೇ ಏರುತ್ತದೆ. ಮೈಯೆಲ್ಲ ಸೆಟೆದು ಬರುವ ಫಿಟ್ಸ್‌ನಲ್ಲಿ ತಾಯಿ ಬಿದ್ದು ಗಾಯಗೊಳ್ಳಬಹುದು, ಮಗುವಿಗೆ ಆಮ್ಲಜನಕ ಕಡಿಮೆಯಾಗಬಹುದು, ತಾಯಿಯ ಪ್ರಾಣವೇ ಹೋಗಬಹುದು.

ಹಾಗಾದರೆ ಏನು ಮಾಡಬೇಕು?

• ಮಕ್ಕಳು ಬೇಕು ಎಂದುಕೊಂಡಾಗಲೇ, ಅಂದರೆ ಗರ್ಭಿಣಿಯಾಗುವ ಕೆಲವು ತಿಂಗಳು ಮೊದಲೇ, ನರರೋಗ ತಜ್ಞರನ್ನು ಕಾಣಿ. ಔಷಧ ಬದಲಿಸಲು, ಡೋಸ್ ಇಳಿಸಲು ಸಮಯ ಬೇಕು.
• ಮಾತ್ರೆಯ ಸ್ಟ್ರಿಪ್ ಮೇಲೆ "ವಾಲ್ಪ್ರೊಯೇಟ್" ಎಂದಿದೆಯೇ ನೋಡಿ. ಇದನ್ನು ಮೈಗ್ರೇನ್‌ಗೂ ಕೊಡುತ್ತಾರೆ. ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.
• ಫೋಲಿಕ್ ಆಸಿಡ್ ಎಷ್ಟು, ಯಾವಾಗಿನಿಂದ ಎಂದು ಮೊದಲೇ ಕೇಳಿ ಶುರುಮಾಡಿ.
• ಗರ್ಭಿಣಿಯಾದಾಗ ಡೋಸ್ ಹೆಚ್ಚಿಸಿದರೆ ಗಾಬರಿ ಬೇಡ. ಈ ಸಮಯದಲ್ಲಿ ದೇಹ ಲ್ಯಾಮೊಟ್ರಿಜಿನ್‌ನಂಥ ಔಷಧವನ್ನು ಬೇಗ ಹೊರಹಾಕುತ್ತದೆ.
• ಹೆರಿಗೆಯ ನಂತರ ಎದೆಹಾಲು ನಿಲ್ಲಿಸಬೇಕಾದ ಸಂದರ್ಭ ಕಡಿಮೆ. ಮೀಡರ್ ತಂಡದ ಅಧ್ಯಯನದಲ್ಲಿ ಎದೆಹಾಲು ಕುಡಿದ ಮಕ್ಕಳಿಗೆ ಅದರಿಂದ ಹಾನಿ ಕಾಣಲಿಲ್ಲ.

ಮುಚ್ಚಿಟ್ಟರೆ ನಷ್ಟ ಯಾರಿಗೆ?

ಮೊದಲೇ ಯೋಜನೆ ಮಾಡಬೇಕೆಂದರೆ ಮೊದಲೇ ಹೇಳಿಕೊಳ್ಳಬೇಕು. ಕಷ್ಟ ಇರುವುದು ಇಲ್ಲೇ. ಮದುವೆ ಮುರಿದುಬೀಳುತ್ತದೆಂದು ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಫಿಟ್ಸ್ ವಿಷಯ ಮುಚ್ಚಿಡುತ್ತಾರೆ. ಗಂಡನ ಮನೆಯಲ್ಲಿ ಮಾತ್ರೆ ಕದ್ದು ನುಂಗಬೇಕು, ಇಲ್ಲವೇ ಬಿಡಬೇಕು. ಮದುವೆಯನ್ನು ಅಸಿಂಧುಗೊಳಿಸಲು ಮೂರ್ಛೆ ರೋಗವನ್ನು ಕಾರಣವಾಗಿ ನೀಡುವ ಅವಕಾಶವನ್ನು 1999ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಿಂದ ತೆಗೆದುಹಾಕಿದೆ. ಕಾನೂನು ಬದಲಾಗಿದೆ, ಮನೆಗಳೂ ಬದಲಾಗಬೇಕು.

ಕೇರಳದ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1998ರಿಂದ ಇಂಥ ತಾಯಂದಿರ ಮಾಹಿತಿಯನ್ನು ದಾಖಲಿಸುತ್ತಿದ್ದಾರೆ. ಫಿಟ್ಸ್ ಇರುವ ಹೆಚ್ಚಿನ ಮಹಿಳೆಯರು ಸರಿಯಾದ ಆರೈಕೆಯಲ್ಲಿ ಆರೋಗ್ಯವಂತ ಮಗುವನ್ನು ಹೆರುತ್ತಾರೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ: "ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಗರ್ಭಿಣಿಯಾಗುವ ಮೊದಲೇ ಡಾಕ್ಟರ್ ಜೊತೆ ಮಾತಾಡಿ. ಈಗಾಗಲೇ ಗರ್ಭಿಣಿಯಾಗಿದ್ದರೆ ಮಾತ್ರೆ ಮುಂದುವರಿಸುತ್ತಲೇ ಕೂಡಲೇ ಹೋಗಿ ತೋರಿಸಿ."